ಎರೆನೆಲದ ಮೋಡ

ರಾಯಚೂರು,
ಸೋಮವಾರ, ೧೭ ಫೆಬ್ರವರಿ ೨೦೨೫

ಜಾಲಹಳ್ಳಿಯ ಬಯಲಿನಲ್ಲಿ ಬೀಡುಬಿಟ್ಟಿರುವ ಚಿತ್ರಕಾರ ರೇವಣಸಿದ್ದರಿಗೆ, ನಿಮ್ಮ ಮಡದಿ ಉಮಾದೇವಿಯ ವಂದನೆಗಳು.

ನಾನು ಕ್ಷೇಮ. ಮೊಣಕಾಲಿನ ಸಂಗತಿ ಬರೆಯುವಷ್ಟು ಹೊಸದಲ್ಲ. ನೀವು ಮೊನ್ನೆ ದೂರವಾಣಿಯಲ್ಲಿ, “ಚಿತ್ರ ತೂಗಹಾಕ್ಯಾರಂತ. ನೋಡಿ ಬಂದು ಬರಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟಿರಿ. ಉಂಡಿರಾ ಎಂದು ಕೇಳುವಷ್ಟರಲ್ಲಿ ಆ ಕಡೆ ಸದ್ದಿರಲಿಲ್ಲ. ಆದ್ದರಿಂದ ಇಲ್ಲಿಯೇ ಕೇಳುತ್ತೇನೆ: ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ?

ಮೂರು ವರ್ಷಗಳ ಹಿಂದೆ ಹೊರಡುವಾಗ ನೀವು ಆಡಿದ ಮಾತು ನನ್ನ ಕಿವಿಯಲ್ಲಿ ಇದ್ದಂತೆಯೇ ಇದೆ. “ಈ ಊರಾಗ ಎತ್ಲಾಗ ನೋಡಿದ್ರೂ ಗುಡ್ಡ, ಕ್ವಾಟಿ ಗ್ವಾಡಿ, ಮನಿ ಮಾಳಗಿ. ನೆಲ ಎಲ್ಲದ? ಬಯಲು ನನ್ನ ಕೈಗೆ ಬಂದ ದಿನ ಮನಿಗಿ ಬರ್ತೀನಿ. ಅಲ್ಲೀತನಕ ಕರೀಬ್ಯಾಡ.” ನೀರಮಾನ್ವಿಯಲ್ಲಿ ನೀವು ತಂದೆಯ ಕುರಿಗಳ ಹಿಂದೆ ಅಲೆದ ಕಪ್ಪು ಮಣ್ಣಿನ ಎರೆಬಯಲು ಕಾಲುವೆ ನೀರು ಬಂದು ಭತ್ತದ ಗದ್ದೆಯಾಗಿದೆ. ಹಾಗೆ ಆದದ್ದು ಊರಿಗೆ ಒಳ್ಳೆಯದೇ. ನಿಮ್ಮ ಕಣ್ಣಿಗೆ ಮಾತ್ರ ಒಗ್ಗಲಿಲ್ಲ. ಮಳೆಯನ್ನೇ ನಂಬಿದ ಕಪ್ಪು ನೆಲ ದೇವದುರ್ಗದ ಆಚೆ ಅಲ್ಲಲ್ಲಿ ಇನ್ನೂ ಉಳಿದಿದೆಯೆಂದು ಜಾಲಹಳ್ಳಿಯಲ್ಲಿ ಕೋಣೆ ಹಿಡಿದಿರಿ. ನಾನು ತಡೆಯಲಿಲ್ಲ.

ದಸರೆಗೆ ನಾನು ಅಲ್ಲಿಗೆ ಬಂದಾಗ ಈ ಚಿತ್ರ ಅರ್ಧವಾಗಿತ್ತು. ಕುರಿಗಳನ್ನು ಅಳಿಸಿದ್ದಿರಿ, ಬಂಡಿಯನ್ನು ಅಳಿಸಿದ್ದಿರಿ. ಕೆಳಗೆ ರಂಟೆ ಹೊಡೆದು ಉತ್ತ ಕಪ್ಪು ನೆಲ, ಮೇಲೆ ಬಿಸಿಲಿಗೆ ಬೆಳ್ಳಗಾದ ಆಕಾಶ, ಎರಡೂ ಕೂಡುವ ಗೆರೆಯ ಮೇಲೆ ಉಗುರಿನಷ್ಟು ಬನ್ನಿಮರ. “ಇದರ ಮುಂದ ಮಂದಿ ತಾವಾಗೇ ನಿಂತ್ರ ಬಯಲು ಕೈಗೆ ಬಂತು ಅನ್ಕೋ” ಎಂದಿರಿ. ಅಂದಿನಿಂದ ನಾನು ಆ ‘ಮಂದಿ’ಗಾಗಿಯೇ ಕಾಯುತ್ತಿದ್ದೇನೆ.

ನಿನ್ನೆ ಪಕ್ಕದ ಮನೆಯ ಅನ್ವರಿ ಬೇಗಂ ಅವರನ್ನು ಕರೆದುಕೊಂಡು ಇಲ್ಲಿನ ಕಲಾಭವನದ ಚಿತ್ರಪ್ರದರ್ಶನಕ್ಕೆ ಹೋದೆ. ಮಂದಿ ನಿಂತಿದ್ದರು. ಬೇರೆ ಚಿತ್ರಗಳ ಮುಂದೆ ನಡೆದುಹೋಗುವವರು ನಿಮ್ಮದರ ಮುಂದೆ ಕಾಲು ಕೀಳಲಿಲ್ಲ. ಅವರ ಮಾತನ್ನು ತಿದ್ದದೆ ಬರೆಯುತ್ತೇನೆ.

ಅನ್ವರಿ ಬೇಗಂ ಒಳಗೆ ಬಂದವರೇ ನನ್ನ ತೋಳು ಹಿಡಿದು, “ಅರೇ ಟೀಚರಮ್ಮಾ, ಮಾಳಗಿ ಮ್ಯಾಲ ಮೆಣಸಿನಕಾಯಿ ಒಣಗಾಕ ಹಾಕಿ ಬಂದೀನ್ರೀ!” ಎಂದರು. ಯಾಪಲದಿನ್ನಿಯಿಂದ ಪೇಟೆಗೆ ಬಂದಿದ್ದ ಪಕೀರಪ್ಪ ಎಂಬ ರೈತ, “ಇದು ಪಡುವಲ ದಿಕ್ಕಿಂದು. ಸುರದೇ ಹೋಗ್ತದ” ಎಂದು ತೀರ್ಪು ಕೊಟ್ಟ. ಅವನ ಹೆಂಡತಿ, “ನೀ ಹೇಳಿದ್ದು ಎಂದಾರ ಸುರದದೇನು? ಸುಮ್ಕ ನಿಂದರು” ಎಂದಳು. ಅವನು ಸುಮ್ಮನೆ ನಿಂತ; ಅವಳೂ ನಿಂತಳು. ಭವನವನ್ನು ನೋಡಿಕೊಳ್ಳುವ ಅಬ್ದುಲ್ ವಹೀದ್ ಎಂಬ ಹಿರಿಯರು, “ಇದರ ಮುಂದಿಂದ ಮಂದೀನ ಸರಸೋದೇ ಕಷ್ಟ ಆಗೇದ್ರೀ ಅಮ್ಮಾ” ಎಂದರು.

ಇಷ್ಟನ್ನೇ ಬರೆದು ಅಂಚೆಗೆ ಹಾಕಿದ್ದರೆ ಈ ವಾರವೇ ನಿಮ್ಮ ಪೆಟ್ಟಿಗೆ ಪಡಸಾಲೆಯಲ್ಲಿರುತ್ತಿತ್ತು. ಬರೆದ ಪ್ರತಿಯೊಂದು ಮಾತೂ ನಿಜ. ಆದರೆ ನಿಜವಾದ ಮಾತುಗಳನ್ನು ಆಯ್ದು ಜೋಡಿಸಿ ಸುಳ್ಳು ಕಟ್ಟುವ ವಿದ್ಯೆಯನ್ನು ನಾನು ಯಾವ ಮಕ್ಕಳಿಗೂ ಕಲಿಸಲಿಲ್ಲ. ನಿಮ್ಮ ಮೇಲೆ ಪ್ರಯೋಗಿಸಲಾರೆ.

ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದ್ದಾರೆ.

ನೀವು ಚಿತ್ರದ ಮೇಲೆ ಹೆಸರು ಬರೆಯುವವರಲ್ಲ. “ಹೊಲದಾಗ ಹೆಸರು ಬರದ್ರ ಅದು ಪಹಣಿ ಆಗ್ತದ” ಎನ್ನುತ್ತೀರಿ. ಕೌದಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿದಿರಿ. ಮೇಲು ಯಾವುದು, ಕೆಳಗು ಯಾವುದು ಎಂಬ ಗುರುತಿಲ್ಲ. ನಿಮ್ಮ ಎರೆನೆಲ ಮೇಲೇರಿ ಕಾರ್ಮೋಡವಾಗಿದೆ. ರಂಟೆಯ ಸಾಲುಗಳು ಮಳೆಯ ಎಳೆಗಳಾಗಿ ಇಳಿದಿವೆ. ಬೆಳ್ಳನೆಯ ಆಕಾಶವು ಜೋಳ ಕೊಯ್ದ ಹೊಲವಾಗಿ ಕೆಳಗೆ ಮಲಗಿದೆ. ಬನ್ನಿಮರವನ್ನು ಪೊದೆಯೆಂದುಕೊಂಡಿದ್ದಾರೆ. ಅವರನ್ನು ಹೇಗೆ ದೂರಲಿ? ಈ ಸೀಮೆಯವರು ಕಪ್ಪನ್ನು ಮೇಲೆ ಕಂಡರೆ ಮಳೆಯೆಂದಲ್ಲದೆ ಬೇರೇನೆಂದು ತಿಳಿದಾರು? ಒಳಗೆ ಕಾಲಿಟ್ಟೊಡನೆ ನಾನೂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದೆ.

ಬನ್ನಿಮರ ಕಂಡ ಮೇಲೆಯೇ ನನಗೆ ತಿಳಿದದ್ದು. ಎಲ್ಲರ ನಡುವೆ ಸೊಂಟ ಬಗ್ಗಿಸಿ, ಕುತ್ತಿಗೆ ತಿರುಗಿಸಿ ನೋಡಿದೆ. “ಉಳುಕ್ತದ್ರೀ, ಟೀಚರಮ್ಮಾ!” ಎಂದು ಅನ್ವರಿ ಬೇಗಂ ಹಿಡಿದುಕೊಂಡರು. ಆ ಒಂದು ಕ್ಷಣದಲ್ಲಿ ನೆಲ ತನ್ನ ಜಾಗಕ್ಕೆ ಬಂತು. ಏನೂ ಇಲ್ಲದ ನೆಲ. ಆದರೂ ದೂರದಿಂದ ಯಾರೋ ನಡೆದು ಬರುತ್ತಿದ್ದಾರೆ, ಇನ್ನೂ ಕಾಣುತ್ತಿಲ್ಲ ಅಷ್ಟೆ ಎನ್ನಿಸಿತು. ನನ್ನ ಮಟ್ಟಿಗೆ ಬಯಲು ನಿಮ್ಮ ಕೈಗೆ ಬಂದಿದೆ. ಆದರೆ ನಾನೊಬ್ಬಳು ‘ಮಂದಿ’ಯಲ್ಲ.

ಇದನ್ನು ಓದಿದೊಡನೆ ನೀವು ಹೊಸ ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುವಿರಿ ಎಂದು ಬಲ್ಲೆ. ಮತ್ತೆ ಎಷ್ಟು ಸುಗ್ಗಿ ಕಳೆಯಬೇಕೋ. ಗಿರಣಿಗೆ ಈಗಲೂ ಇಬ್ಬರಿಗಾಗುವಷ್ಟು ಜೋಳ ಒಯ್ಯುತ್ತೇನೆ. ಕೈ ಹಳೆಯ ಅಳತೆಯನ್ನು ಬಿಡುವುದಿಲ್ಲ. ಮಹಡಿಯ ಕೋಣೆಯಲ್ಲಿ ನಿಮ್ಮ ಬಣ್ಣದ ವಾಸನೆ ಹೋಗಿಬಿಟ್ಟಿದೆ. ಬಿಟ್ಟುಹೋದ ಟರ್ಪೆಂಟೈನ್ ಸೀಸೆಯನ್ನು ಆಗಾಗ ತೆರೆಯುತ್ತೇನೆ. ಆರಿಹೋದೀತೆಂದು ಬೇಗನೆ ಮುಚ್ಚುತ್ತೇನೆ.

ಇರಲಿ. ಗಾಳಿಯಲ್ಲಿ ಕುಳಿತು ಬರೆಯುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ ಕ್ಷೇಮವನ್ನೇ ಬಯಸುವ,
ಉಮಾದೇವಿ

ಮರುಲೇಖ: ವಿಷಯ ತಿಳಿಸಿದೊಡನೆ ಅಬ್ದುಲ್ ವಹೀದರು ನಾಚಿಕೊಂಡು, “ಈಗೇ ತಿರುವಿ ಹಾಕ್ತೀನಿ ತಡೀರಿ” ಎಂದು ಏಣಿ ತಂದರು. ಬೇಡವೆಂದೆ. ಕಣ್ಣೆದುರಿನ ತಪ್ಪನ್ನು ತಿದ್ದದೆ ಬಂದದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು. ಪ್ರದರ್ಶನ ಭಾನುವಾರದವರೆಗೆ ಇದೆ. ಬರೆದ ಕೈಯೇ ಬಂದು ತಿರುಗಿಸಲಿ. ಆಮೇಲೆ ಮಂದಿ ನಿಲ್ಲುತ್ತಾರೋ ಇಲ್ಲವೋ, ಒಂದು ಮೂಲೆಯಲ್ಲಿ ಇಬ್ಬರೂ ಕುಳಿತು ನೋಡೋಣ. ಏಣಿಯನ್ನು ಗೋಡೆಗೆ ಒರಗಿಸಿಯೇ ಇಟ್ಟಿರಲು ಹೇಳಿ ಬಂದಿದ್ದೇನೆ.