ಗಯೆಯಲ್ಲಿ ಬಿಟ್ಟ ಹಾಲು

॥ ಶ್ರೀ ॥
ಸವಣೂರು
ಕಾರ್ತಿಕ ಬಹುಳ ತ್ರಯೋದಶಿ, ಮಂಗಳವಾರ, 18-11-2025

ಚಿರಂಜೀವಿ ಸೌಭಾಗ್ಯವತಿ ಮಗಳು ಪದ್ಮಜೆಗೆ ತಂದೆಯ ಮನಃಪೂರ್ವಕ ಆಶೀರ್ವಾದಗಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎಂಟು ದಿನಗಳಿಂದ ನೆಲದ ಮೇಲೆ ಮಲಗುತ್ತಿರುವ ನಿನ್ನ ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿರುವೆಯಾ? ನಿನ್ನ ತಾಯಿಯ ಕಾಲಿಗೆ ಸ್ಪರ್ಶವೇನಾದರೂ ತಿಳಿಯುತ್ತಿದೆಯೇ? ಇಲ್ಲಿ ನಾನೂ ನಿನ್ನ ತಮ್ಮ ಸುಶೀಂದ್ರನೂ ದೇಹಮಾತ್ರದಿಂದ ಕ್ಷೇಮ. ಈ ಪತ್ರವನ್ನು ಅವನು ನಾಳೆ ಶಿಗ್ಗಾಂವಿಯ ಮೇಲೆ ಹೋಗುವ ಮೊದಲ ಬಸ್ಸಿಗೆ ತರುತ್ತಾನೆ.

ಶ್ರಾವಣದ ಆ ಸಂಜೆ ಕಣ್ಣಿನಿಂದ ಮರೆಯಾಗುತ್ತಿಲ್ಲ. ಧೂಪದ ಕೆಂಡವೊಂದು ಉರುಳಿ ಬಿದ್ದಿತ್ತು. ಅದರ ಮೇಲೆ ಕಾಲೂರಿಕೊಂಡೇ ನಿನ್ನ ತಾಯಿ ಗೋಪಿಕಾಬಾಯಿ ಮಂಗಳಾರತಿಯ ಹಾಡನ್ನು ಕೊನೆಯವರೆಗೂ ಹಾಡಿದಳು. “ಏನೋ ಹೊತ್ತಿದ ವಾಸನಿ ಬರ್ಲಿಕ್ಕತ್ತದ, ಒಲಿ ಮ್ಯಾಲಿನ ಸಾರು ನೋಡ್ರಿ” ಎಂದಳು. ಹೊತ್ತಿದ್ದು ಅವಳ ಪಾದ.

ಒಂಬತ್ತು ವರ್ಷಗಳ ಹಿಂದೆ ಗಯೆಯಲ್ಲಿ, ಪ್ರಿಯವಾದುದನ್ನು ತ್ಯಜಿಸುವ ಪದ್ಧತಿಯಂತೆ, ನಾನು ಹಾಗಲಕಾಯಿಯನ್ನು ಬಿಟ್ಟೆ; ಅವಳು ಹಾಲು, ಮೊಸರು, ಮಜ್ಜಿಗೆಗಳನ್ನು ಬಿಟ್ಟಳು. “ಹಾಗಲಕಾಯಿ ನಿಮಗ ಎಂದರ ಸೇರಿತ್ತೇನ್ರಿ?” ಎಂದು ನಕ್ಕಿದ್ದಳು. ಆದರೆ ತನ್ನ ವ್ರತವನ್ನು ಒಂದು ದಿನವೂ ಸಡಿಲಿಸಲಿಲ್ಲ. ಧಾರವಾಡದಲ್ಲಿ ರಸಾಯನಶಾಸ್ತ್ರ ಕಲಿಸುವ ನೀನು ಕಳೆದ ವರ್ಷ ಬಂದು, ಅವಳ ರಕ್ತಪರೀಕ್ಷೆ ಮಾಡಿಸಿ, ಬಿ-ಹನ್ನೆರಡು ಜೀವಸತ್ವದ ಗುಳಿಗೆಗಳನ್ನು ನನ್ನ ಕೈಗಿತ್ತೆ. “ಅಪ್ಪಾ, ದಿನಕ್ಕ ಸಾಸಿವಿಕಾಳಿನ ಸಾವಿರದಾಗ ಒಂದು ಪಾಲು ಸಾಕು. ಆದ್ರ ಅದು ಕಾಯಿಪಲ್ಯಾದಾಗ ಇರೂದಿಲ್ಲ. ಹಾಲರೆ ಬೇಕು, ಇಲ್ಲಾ ಈ ಗುಳಿಗಿಯರೆ ಬೇಕು” ಎಂದೆ. ಅನ್ನವೇ ಪ್ರಾಣವೆಂದು ಐವತ್ತು ವರ್ಷ ಪ್ರವಚನ ಹೇಳಿದ ನನಗೆ ಅಷ್ಟು ಸೂಕ್ಷ್ಮವಾದ ಅನ್ನವೊಂದು ಇದೆಯೆಂಬುದು ತಿಳಿದಿರಲಿಲ್ಲ.

“ಮನಿಯವರು ದಿನಾ ತಪ್ಪದ ಗುಳಿಗಿ ತೀರ್ಥದಾಗ ಕಲಿಸಿ ಕೊಡ್ತಾರ್ರಿ” ಎಂದು ಅವಳು ವೈದ್ಯರಿಗೆ ಹೇಳಿದಳಂತೆ. ಹದಿನಾಲ್ಕು ತಿಂಗಳು ಗುಳಿಗೆ ಸೇವಿಸಿಯೂ ನರಗಳು ಸೋಲುತ್ತಿರುವುದರಿಂದ, ಕತ್ತಿನ ಮೂಳೆಯೇ ಒತ್ತುತ್ತಿದೆಯೆಂದು ಅವರು ನಿಶ್ಚಯಿಸಿ, ಗುರುವಾರ ಶಸ್ತ್ರಚಿಕಿತ್ಸೆಗೆ ದಿನವಿಟ್ಟಿದ್ದಾರೆ. ಗುರುವಾರ ಅಮಾವಾಸ್ಯೆ, ಮುಂದೆ ಹಾಕಿರೆಂದು ಮೂರು ಸಲ ಹೇಳಿದೆ. “ಅಮಾವಾಸಿ ನೋಡಿ ನರ ಕಾಯ್ತಾವೇನಪಾ?” ಎಂದು ನೀನು ಸಿಟ್ಟಿನಿಂದ ಫೋನಿಟ್ಟೆ. ನಿನ್ನ ಕೋಪ ನ್ಯಾಯವಾದದ್ದು.

ಶ್ರೀಹರಿಯು ನಿನ್ನನ್ನೂ ನಿನ್ನ ತಾಯಿಯನ್ನೂ ಕಾಯಲಿ. ನನಗಾಗಿ ಬೇಡುವ ಅಧಿಕಾರ ನನಗೆ ಉಳಿದಿಲ್ಲ.

ಇತಿ ನಿನ್ನ ತಂದೆ,
ಪ್ರಹ್ಲಾದಾಚಾರ್ಯ

ತಾ.ಕ.: ಅಮಾವಾಸ್ಯೆ ನೆಪ. ನಿನ್ನ ತಾಯಿ ಒಂದು ಗುಳಿಗೆಯನ್ನೂ ಸೇವಿಸಿಲ್ಲ. ಅದರ ಹೊರಕವಚ ಪ್ರಾಣಿಯ ಎಲುಬಿನಿಂದಾದದ್ದೆಂದು ಔಷಧದಂಗಡಿಯವನು ಮೊದಲ ದಿನವೇ ಹೇಳಿದ. ಅಂದಿನಿಂದ ನಾನು ಕೊಟ್ಟದ್ದು ಬರಿಯ ತುಳಸಿಯ ತೀರ್ಥ. ಧರ್ಮವೋ ಪ್ರಾಣವೋ ಎಂದು ಅವಳನ್ನು ಕೇಳಲೂ ಇಲ್ಲ. ಫೋನಿನಲ್ಲಿ ಹೇಳಹೊರಟಾಗಲೆಲ್ಲ ಅಮಾವಾಸ್ಯೆಯೆಂದೇ ಬಾಯಿಗೆ ಬಂತು. ಒಡೆಯದ ಪೆಟ್ಟಿಗೆಗಳೆಲ್ಲ ಸುಶೀಂದ್ರನ ಚೀಲದಲ್ಲಿವೆ. ಶಸ್ತ್ರ ಮುಟ್ಟುವ ಮುನ್ನ ವೈದ್ಯರಿಗೆ ತೋರಿಸು. ಅವಳಿಗೆ ತಿಳಿಸಬೇಡವೆಂದು ಬರೆದು ಹೊಡೆದುಹಾಕಿದ್ದೇನೆ. ತಿಳಿಸು.