ಸೈಲೆಂಟ್‌ನಲ್ಲೂ ಹೊಡೆದುಕೊಳ್ಳುವ ನಂಬರ್

ನವೆಂಬರ್ 18, ಸಂಜೆ 4

ಬಾಟಲಿ ತೊಳೆದೆ. ಅದರಲ್ಲೊಂದು ಸೋಫಾ ಕೆಳಗೆ ಸಿಕ್ಕಿತು, ಒಳಗೆ ಹಾಲು ಮೊಸರಾಗಿತ್ತು. ಮಗಳು ಥಿಯಾಗೆ ಇವತ್ತು ಐದು ತಿಂಗಳು. ನಿನ್ನೆ ನನ್ನ ನಿದ್ದೆ ಒಟ್ಟು ನಲವತ್ತು ನಿಮಿಷ. ಬೆಳಿಗ್ಗೆಯಿಂದ ಪಕ್ಕದ ಸೈನ್ಯದ ಬೇಸ್‌ನಲ್ಲಿ ಫಿರಂಗಿ ಅಭ್ಯಾಸ, ಕಿಟಕಿ ಗಾಜು ನಡುಗುತ್ತಲೇ ಇದೆ. ಅದಕ್ಕೆಲ್ಲ ಥಿಯಾ ಏಳುವುದಿಲ್ಲ. ನಾನು ಪುಸ್ತಕದ ಪುಟ ತಿರುಗಿಸಿದರೆ ಏಳುತ್ತಾಳೆ.

ತಂಗಿ ಕೊರಿನ್ ಶಾಲೆಯಿಂದ ಬಂದು ಗಣಿತ ಹಿಡಿದು ಕೂತಿದ್ದಾಳೆ. ಅವಳಿಗೆ ಸೈನ್ಯದ ಆಫೀಸರ್ ಸ್ಕಾಲರ್‌ಶಿಪ್ ಬೇಕು. ಸಿಕ್ಕರೆ ನಾಲ್ಕು ವರ್ಷದ ಕಾಲೇಜು ಖರ್ಚು ಅವರದೇ, ಆಮೇಲೆ ಲೆಫ್ಟಿನೆಂಟ್. ಓಟ, ಪುಷ್‌ಅಪ್, ಸಂದರ್ಶನ ಎಲ್ಲ ಮುಗಿಸಿದ್ದಾಳೆ. ತೊಡಕು ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕದ್ದು. ಸಾವಿರದ ಆರುನೂರಕ್ಕೆ ಸಾವಿರದ ತೊಂಬತ್ತು. ಅರ್ಜಿ ಹಾಕಲು ಸಾಕು, ಆದರೆ ಸಿಗುವವರದು ಸಾಮಾನ್ಯವಾಗಿ ಸಾವಿರದ ಇನ್ನೂರರ ಮೇಲೆ ಎಂದು ವಿಶ್ವವಿದ್ಯಾಲಯದಲ್ಲಿ ಈ ಅರ್ಜಿ ನೋಡಿಕೊಳ್ಳುವ ಮೇಜರ್ ಆಲ್ಡ್ರಿಚ್ ಹೇಳಿದ್ದಾರೆ. ಕಡತ ಮುಚ್ಚುವುದು ಫೆಬ್ರವರಿ ಮೊದಲ ವಾರ. ಅದಕ್ಕೆ ಮುಂಚೆ ಉಳಿದಿರುವುದು ಡಿಸೆಂಬರ್ ಆರರ ಪರೀಕ್ಷೆ ಒಂದೇ.

ಅಮ್ಮ ಇಪ್ಪತ್ತು ವರ್ಷ ಇದೇ ಬೇಸ್‌ನಲ್ಲಿ ಫಿರಂಗಿ ಗಾಡಿ ರಿಪೇರಿ ಮಾಡಿದಳು. ಮೀಸೆ ಮೂಡದ ಲೆಫ್ಟಿನೆಂಟ್‌ಗಳಿಗೆ ಗ್ರೀಸ್ ಕೈಯಲ್ಲೇ ಸೆಲ್ಯೂಟ್. ‘ನೀನು ಸೆಲ್ಯೂಟ್ ತಗೊಳ್ಳೋಳಾಗು’ — ಕೊನೆಯ ದಿನ ಆಸ್ಪತ್ರೆಯಲ್ಲಿ ಕೊರಿನ್‌ಗೆ ಹೇಳಿದ್ದು ಅಷ್ಟೇ. ನನಗೆ ಹೇಳಿದ್ದು, ‘ಇವಳನ್ನ ನೋಡ್ಕೋ.’

ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್ ಹಬ್ಬ

ಟರ್ಕಿ ಕೋಳಿ ಒಣಗಿತ್ತು. ನನ್ನನ್ನು ಕಟ್ಟಿಕೊಂಡ ತಪ್ಪಿಗೆ ವೆಂಡೆಲ್ ಎರಡು ಸಲ ಬಡಿಸಿಕೊಂಡ, ಪಾಪ. ಅವನಿಗೆ ಟೈರ್ ಕಾರ್ಖಾನೆಯಲ್ಲಿ ಹನ್ನೆರಡು ತಾಸಿನ ಪಾಳಿ, ಫೋನ್ ಲಾಕರ್‌ನಲ್ಲಿ. ಕಾರು ಒಂದೇ. ಥಿಯಾಗೆ ಏನಾದರೂ ಆದರೆ ಯಾರನ್ನು ಕರೆಯಲಿ ಎಂದು ಮತ್ತೆ ಶುರು ಮಾಡಿದೆ.

ಕೊರಿನ್ ತನ್ನ ಫೋನ್ ತೆಗೆದು ಏನೋ ಒತ್ತಿದಳು. “ನೋಡು ಮೋನಾ. ಇನ್ಮೇಲೆ ಸೈಲೆಂಟ್‌ನಲ್ಲಿದ್ರೂ ನಿನ್ನ ನಂಬರ್ ಒಂದು ಮಾತ್ರ ಹೊಡ್ಕೊಳ್ಳುತ್ತೆ. ಬೇರೆ ಯಾರದ್ದೂ ಇಲ್ಲ.”

“ಬಚ್ಚಲಲ್ಲಿದ್ರೆ?”

“ಅಲ್ಲೇ ಕೂತು ಸೆಲ್ಯೂಟ್ ಹೊಡೀತೀನಿ, ಸಾರ್ಜೆಂಟ್.”

ಇವತ್ತು ಮೂರು ತಾಸು ಮಲಗಿದೆ.

ಡಿಸೆಂಬರ್ 6, ಸಂಜೆ

ಥಿಯಾಗೆ 103 ಜ್ವರ. ಒಂಬತ್ತೂವರೆ ಹೊತ್ತಿಗೆ ಕಣ್ಣು ಮೇಲೆ ಹೋದ ಹಾಗಾಯಿತು. ವೆಂಡೆಲ್ ಕೆಲಸದಲ್ಲಿ, ಕಾರು ಪರೀಕ್ಷೆಗೆ ಹೋದ ಕೊರಿನ್ ಹತ್ತಿರ. ಯಾರಿಗೆ ಫೋನ್ ಮಾಡಿದೆ, ಎಷ್ಟು ಸಲ, ನೆನಪಿಲ್ಲ. ಪಕ್ಕದ ಮನೆಯ ಮಿಸೆಸ್ ಟೋಯೆಬೊ ನೈಟಿಯಲ್ಲೇ ತಮ್ಮ ಟ್ರಕ್ ತೆಗೆದರು. ಕಿವಿಯ ಸೋಂಕು ಅಂತೆ. ಆಸ್ಪತ್ರೆಯಲ್ಲಿ ಔಷಧ ಕೊಟ್ಟಿದ್ದಾರೆ. ಈಗ ಮಲಗಿದ್ದಾಳೆ.

ಹತ್ತೂಕಾಲಿಗೆಲ್ಲ ಕೊರಿನ್ ಆಸ್ಪತ್ರೆಗೆ ಬಂದಳು. ಬೇಗ ಮುಗೀತಂತೆ. “ಪರೀಕ್ಷೆ?” ಎಂದೆ. “ಆಯ್ತು” ಎಂದಳು. ಥಿಯಾಳನ್ನು ಎತ್ತಿಕೊಂಡವಳು ಮನೆಗೆ ಬರುವವರೆಗೂ ಕೆಳಗಿಳಿಸಲಿಲ್ಲ.

ಡಿಸೆಂಬರ್ 19

ಇವತ್ತು ಅಂಕ ಬರುವ ದಿನ. ಪೀಕನ್ ಪೈ ಬೇಯಿಸಿದ್ದೆ, ಸಿಹಿಗೆ. ಕೊರಿನ್ ಪ್ರಕಾರ ಅಂಕ ತಡ ಆಗುತ್ತಂತೆ. “ನಿನ್ನ ಪೈ ಬೇಯೋದಕ್ಕಿಂತ ಬೇಗ ಬರುತ್ತೆ ಬಿಡು” ಎಂದಳು. ನಗುತ್ತಿದ್ದಳು. ಪೈ ತಿನ್ನಲಿಲ್ಲ.

ಜನವರಿ 27, ಮಧ್ಯಾಹ್ನ

ಅಂಕ ಕೇಳಿದಾಗಲೆಲ್ಲ ಕೊರಿನ್ ‘ಇನ್ನೂ ಬಂದಿಲ್ಲ’ ಎನ್ನುತ್ತಿದ್ದಳು. ಇವತ್ತು ಮೇಜರ್ ಆಲ್ಡ್ರಿಚ್ ಫೋನ್ ಮಾಡಿದ್ದರು. “ಮ್ಯಾಡಮ್, ಕಡತದಲ್ಲಿ ಈಗಲೂ ಹಳೇ ಅಂಕ ಒಂದೇ ಇದೆ. ಡಿಸೆಂಬರ್‌ದು ಯಾಕೆ ಕಳಿಸಿಲ್ಲ? ಒಳ್ಳೆ ಹುಡುಗಿ. ಈ ಅಂಕದಲ್ಲಿ ನನ್ನಿಂದ ಏನೂ ಮಾಡೋಕಾಗಲ್ಲ.”

ಮಧ್ಯಾಹ್ನ 2

ಮನೆಯ ಲ್ಯಾಪ್‌ಟಾಪ್‌ನಲ್ಲಿ ಅವಳ ಮೇಲ್ ತೆರೆದೇ ಇತ್ತು. ಓದಬಾರದಿತ್ತು. ಓದಿದೆ.

ಪರೀಕ್ಷೆ ನಡೆಸುವವರ ಪತ್ರ: ಪರೀಕ್ಷೆಯ ನಡುವೆ ಫೋನ್ ಸದ್ದು. ಸಮಯ 9:41. ಅಭ್ಯರ್ಥಿಯನ್ನು ಹೊರಗೆ ಕಳಿಸಲಾಗಿದೆ. ಅಂಕ ರದ್ದು.

ನನ್ನ ಫೋನ್ ತೆಗೆದು ಡಿಸೆಂಬರ್ ಆರಕ್ಕೆ ಹಿಂದೆ ಹಿಂದೆ ಹೋದೆ. ಕೊರಿನ್ — 9:41. ಕೊರಿನ್ — 9:42. ಕೊರಿನ್ — 9:44.

ಜನವರಿ 28

ಕೇಳಿದೆ. ಬಟ್ಟೆ ಮಡಿಸುತ್ತಿದ್ದಳು, ನಿಲ್ಲಿಸಲಿಲ್ಲ.

“ಆಫ್ ಮಾಡಿ ಅಂದಿದ್ರು. ನಾನು ಸೈಲೆಂಟ್ ಮಾಡಿ ಬ್ಯಾಗಲ್ಲಿಟ್ಟೆ. ಪಾಪು ಕೆಮ್ಮುತ್ತಿತ್ತಲ್ಲ ರಾತ್ರಿ.”

“ಯಾಕೆ ಹೇಳ್ಲಿಲ್ಲ ನಂಗೆ?”

“ಹೇಳಿದ್ರೆ ನೀನು ಮಲಗ್ತಿದ್ಯಾ? ಮೊದ್ಲೇ ಗೂಬೆ ನೀನು.”

“ಕೊರಿನ್, ನಾನು —”

“ಬೇಡ ಮೋನಾ. ಕಾಲ್ಚೀಲ ಜೋಡಿ ಮಾಡು.”

ಜೋಡಿ ಮಾಡಿದೆ. ಎಲ್ಲ ಇಷ್ಟಿಷ್ಟೇ ಕಾಲ್ಚೀಲ.

ಮಾರ್ಚ್ 20

ಆಯ್ಕೆಯಾಗಿಲ್ಲ. ಎರಡು ಸಾಲಿನ ಪತ್ರ.

ಏಪ್ರಿಲ್ 9

ಭರ್ತಿ ಕಚೇರಿಗೆ ಒಬ್ಬಳೇ ಹೋಗಿ ಬಂದಿದ್ದಾಳೆ. ಸಾಮಾನ್ಯ ಸೈನಿಕಳಾಗಿ. ಗಾಡಿ ರಿಪೇರಿ ವಿಭಾಗ. ಅಮ್ಮನ ಕೆಲಸವೇ.

“ಒಂದು ವರ್ಷ ಇಲ್ಲೇ ಇರು, ಮತ್ತೆ ಪರೀಕ್ಷೆ ಬರಿ” ಎಂದೆ.

“ನಿನ್ನ ಸೋಫಾ ಮೇಲೆ ಇನ್ನೊಂದು ವರ್ಷನಾ? ವೆಂಡೆಲ್‌ನ ಕೇಳಿದ್ಯಾ?”

ವೆಂಡೆಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. “ಆ ಸೋಫಾ ಯಾವತ್ತೋ ನಿಂದಾಗಿದೆ, ತಾಯಿ. ನಾನೇ ಕೇಳಿ ಕೂರ್ತೀನಿ.” ಅವಳು ನಕ್ಕಳು. ಆಮೇಲೆ ಮೆತ್ತಗೆ, “ಹೀಗೆ ಹೋಗಿ ಆಮೇಲೆ ಆಫೀಸರ್ ಆದೋರೂ ಇದ್ದಾರೆ ಮೋನಾ” ಎಂದಳು.

ಅವಳಿಗಿನ್ನೂ ಹದಿನೇಳು. ಪೋಷಕರ ಸಹಿ ಬೇಕು. ಪೋಷಕಿ ನಾನು.

ಏಪ್ರಿಲ್ 11

ಸಹಿ ಮಾಡಿದೆ. ಪೆನ್ನು ಹಿಡಿದ ಕೈಗೆ ಥಿಯಾ ಜೋತುಬಿದ್ದಿದ್ದಳು. ಅಕ್ಷರ ಸೊಟ್ಟ ಬಂತು. ಅಧಿಕಾರಿ “ನಡೆಯುತ್ತೆ ಬಿಡಿ” ಎಂದ.

ಜೂನ್ 16, ಬೆಳಿಗ್ಗೆ 11

ನಿನ್ನೆ ಕೊರಿನ್ ಸೈನ್ಯದ ತರಬೇತಿಗೆ ಬಸ್ ಹತ್ತಿದಳು. ಬೆನ್ನಿಗೊಂದು ಚಿಕ್ಕ ಚೀಲ. ಮಿಸೆಸ್ ಟೋಯೆಬೊ ಬ್ರೆಡ್ ಕರಿದು ಕಟ್ಟಿಕೊಟ್ಟಿದ್ದರು. ಬಸ್ಸಿನ ಕಿಟಕಿಯಿಂದ ಕೊರಿನ್ ನನ್ನ ಕಡೆ ನೋಡಿ ಸೆಲ್ಯೂಟ್ ಹೊಡೆದಳು, ತಮಾಷೆಗೆ. ನನಗೆ ಕೈ ಎತ್ತಲಾಗಲಿಲ್ಲ.

ತಲುಪಿದ ಮೇಲೆ ಮನೆಗೆ ಒಂದೇ ಒಂದು ಕರೆ ಮಾಡಲು ಬಿಡುತ್ತಾರಂತೆ. ಅರ್ಧ ನಿಮಿಷ. ಆಮೇಲೆ ಫೋನ್ ತೆಗೆದಿಡುತ್ತಾರೆ. ಎಷ್ಟು ಹೊತ್ತಿಗೆ ಎಂದು ಹೇಳುವುದಿಲ್ಲ. ಅವಳ ನಂಬರ್ ನನ್ನ ಫೋನ್‌ನಲ್ಲೂ ಹಾಗೇ ಇಟ್ಟಿದ್ದೇನೆ, ಸೈಲೆಂಟ್‌ನಲ್ಲೂ ಹೊಡೆದುಕೊಳ್ಳುವ ಹಾಗೆ. ಬಚ್ಚಲಿಗೂ ಕೈಯಲ್ಲಿ ಹಿಡಿದೇ ಹೋಗುತ್ತೇನೆ.

ಥಿಯಾ ಮಲಗಿದ್ದಾಳೆ. ಫಿರಂಗಿ ಇಲ್ಲ ಇವತ್ತು.

ಅರ್ಧ ನಿಮಿಷದಲ್ಲಿ ತಡವರಿಸಬಾರದು. ಈ ಸಲ ಅವಳು ಬೇಡ ಅನ್ನುವ ಮೊದಲೇ ಹೇಳಿಬಿಡಬೇಕು. ಬರೆದಿಟ್ಟುಕೊಂಡು ಓದಿದರಾಯಿತು.

ಕೊರಿನ್, ಅವತ್ತು ಬೆಳಿಗ್ಗೆ ನಾನು —