ಹಳೆಯ ಗ್ರಾಫಿಗೆ ಹೊಸ ಹೆಸರು

೧೪ ನವೆಂಬರ್, ಶುಕ್ರವಾರ

ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ಇದನ್ನು ಬರೆಯುತ್ತಿದ್ದೇನೆ.

ಹುಮನಾಬಾದಿನ ನಮ್ಮ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಸಂಜೆಯವರೆಗೂ ವರದಿ ತಯಾರಾಗಲಿಲ್ಲ. ನಲವತ್ತೊಂದನೇ ಬ್ಯಾಚಿನ ಹೆಸರಿನಲ್ಲಿ ಔಷಧ ಪರೀಕ್ಷೆಯ ಗ್ರಾಫ್ ಸಿಗುತ್ತಿಲ್ಲ ಎಂದು ಕಂಪ್ಯೂಟರ್ ಮತ್ತೆ ಮತ್ತೆ ನಿಲ್ಲುತ್ತಿತ್ತು. ದೋಷ ಕಂಪ್ಯೂಟರಿನದೇ ಎಂದು ನೋಡಲಷ್ಟೇ ನಲವತ್ತನೇ ಬ್ಯಾಚಿನ ಹಳೆಯ ಗ್ರಾಫಿಗೆ ನಲವತ್ತೊಂದರ ಹೆಸರು ಕೊಟ್ಟೆ. ವರದಿ ತಟ್ಟನೆ ಬಂತು. ಮ್ಯಾನೇಜರ್ ಓಂಪ್ರಕಾಶ ಸಾಹೇಬರು ನಿಂತಲ್ಲೇ ಸಹಿ ಹಾಕಿದರು.

“ಬಂತ ನೋಡ ತಂಗಿ, ಸುಮ್ನ ಅಂಜಾಕತ್ತಿದ್ದಿ.”

ಆ ಹಳೆಯ ಗ್ರಾಫ್ ತೆಗೆದು ನಿಜವಾದದ್ದನ್ನು ಹಾಕಲೇ ಇಲ್ಲ ಎಂದು ನೆನಪಾದದ್ದು ಮನೆಗೆ ಬರುವ ಬಸ್ಸು ರಾಜೇಶ್ವರ ಊರು ದಾಟಿದ ಮೇಲೆ. ಸಾಹೇಬರಿಗೆ ಫೋನ್ ಮಾಡಿ, ನಲವತ್ತೊಂದನೇ ಬ್ಯಾಚಿನ ಮಾಲು ಇನ್ನೂ ಅಲ್ಲೇ ಇದೆಯೇ ಎಂದು ಕೇಳಿದೆ.

“ಲಾರಿ ಹೋತಲ್ಲ. ಯಾಕ?”

“ಏನಿಲ್ರಿ ಸರ್, ಹಂಗ ಕೇಳಿದೆ.”

ಯಾಕೆ ಹಾಗೆ ಹೇಳಿದೆ? ಆ ಔಷಧ ಸರಿಯಾಗಿಯೇ ಇರಬಹುದು. ಇರದಿದ್ದರೆ...

ಒಳಗಿನಿಂದ ಅವ್ವ ಬಿಪಿ ಗುಳಿಗೆ ಕೇಳುತ್ತಿದ್ದಾಳೆ. ಗುಳಿಗೆ ಪಟ್ಟಿ ಕೈಯಲ್ಲೇ ಇದೆ. ಅದರ ಮೇಲಿನ ಬ್ಯಾಚ್ ನಂಬರ್ ನೋಡುತ್ತಾ ಕುಳಿತಿದ್ದೇನೆ. ಇದಕ್ಕೂ ಯಾರೋ ನಿಂತಲ್ಲೇ ಸಹಿ ಹಾಕಿರಬಹುದು.